ಈಜು ಬೆಳಿಗ್ಗೆ, ಹಸಿವು ಸಂಜೆ: ಮೈಸೂರಿನ ಟೀಚರ್ ಒಬ್ಬರ ಪ್ರಕರಣ

ವ್ಯಾಯಾಮ ಶುರು ಮಾಡಿದ ಮೇಲೆ ತೂಕ ಏರಿತು ಅಂತ ಬರುವವರು ಕಡಿಮೆಯೇನಲ್ಲ. ಅವರಲ್ಲಿ ಹೆಚ್ಚಿನವರು ತಮ್ಮ ನಾಲಿಗೆಯನ್ನೇ ಬೈದುಕೊಳ್ಳುತ್ತಾರೆ. ಇನ್ನು ಕೆಲವರು ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ. ಎರಡೂ ಬೇಕಿಲ್ಲ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಡಯಟಿಷಿಯನ್. ಇಲ್ಲಿ ಬರುವವರು ಒಂದು ಹೈಸ್ಕೂಲಿನ ಟೀಚರ್. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಟೀಚರ್ ಅಂತಲೇ ಕರೆಯುತ್ತೇನೆ.

ವಯಸ್ಸು 44, ಎತ್ತರ 160 ಸೆಂ.ಮೀ. ಎರಡು ವರ್ಷದಿಂದ ಮಂಡಿ ನೋವು. ಶಾಲೆಯಲ್ಲಿ ದಿನಾ ಐದು ಪೀರಿಯಡ್ ನಿಂತೇ ಪಾಠ. ಮೂಳೆ ಡಾಕ್ಟರು ನೋಡಿ, ಸವೆತ ಶುರುವಾಗಿದೆ, ತೂಕ ಇಳಿಸಿ, ನಿಮಗೆ ವಾಕಿಂಗ್‌ಗಿಂತ ಈಜು ಒಳ್ಳೆಯದು ಅಂದರು. ನವೆಂಬರ್‌ನಲ್ಲಿ ಬೆಳಿಗ್ಗೆ ಆರರಿಂದ ಏಳರ ಲೇಡೀಸ್ ಬ್ಯಾಚಿಗೆ ಸೇರಿದರು. ವಾರಕ್ಕೆ ಆರು ದಿನ. ಸೋಮವಾರ ಕೊಳಕ್ಕೆ ರಜೆ. ನೀರು ಕಂಡರೆ ಹೆದರುತ್ತಿದ್ದವರು ಹೊಸ ವರ್ಷದ ಹೊತ್ತಿಗೆ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಕಲಿತರು. ಮಂಡಿ ನೋವೂ ತಗ್ಗಿತು. ತೂಕ ಮಾತ್ರ, ಸೇರುವಾಗ 71.5 ಕೆ.ಜಿ. ಇದ್ದದ್ದು ಫೆಬ್ರವರಿಯಲ್ಲಿ ನನ್ನ ಹತ್ತಿರ ಬಂದಾಗ 74.2 ಆಗಿತ್ತು.

"ಕೋಚ್ ಹೇಳ್ತಾರೆ, ಅದು ಮಸಲ್ ಇರಬೇಕು ಅಂತ. ಮಸಲ್ ಆಗಿದ್ರೆ ಚೂಡಿದಾರ್ ಹೊಟ್ಟೆ ಹತ್ರ ಯಾಕೆ ಬಿಗಿಯಾಗುತ್ತೆ ಮೇಡಂ?"

ಸರಿಯಾದ ಪ್ರಶ್ನೆ. ಹೊಸದಾಗಿ ವ್ಯಾಯಾಮ ಶುರು ಮಾಡಿದವರ ಸ್ನಾಯುಗಳು ಗ್ಲೈಕೋಜನ್, ಅಂದರೆ ಮೈ ಕೂಡಿಡುವ ರೂಪದ ಸಕ್ಕರೆಯನ್ನು, ಜಾಸ್ತಿ ಕೂಡಿಟ್ಟುಕೊಳ್ಳುತ್ತವೆ. ಅದರ ಜೊತೆ ನೀರೂ ಸೇರಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ಸ್ವಲ್ಪ ತೂಕ ಏರಬಹುದು. ಆದರೆ ಟೇಪು ಹಿಡಿದು ನೋಡಿದರೆ ಸೊಂಟದ ಸುತ್ತಳತೆ 92 ಸೆಂ.ಮೀ. ನಮ್ಮ ಕಡೆ ಹೆಂಗಸರಿಗೆ 80 ದಾಟಿದರೇ ಎಚ್ಚರಿಕೆ ಹೇಳುತ್ತೇವೆ. ಥೈರಾಯ್ಡ್ ಸರಿಯಿತ್ತು. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.8 ಇತ್ತು. ಅಂದರೆ ಸಕ್ಕರೆ ಕಾಯಿಲೆ ಅಲ್ಲ, ಅದರ ಹೊಸ್ತಿಲು. ತಂದೆ ತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆ ಇದೆ.

ಅವರ ದೂರು ಒಂದೇ ವಾಕ್ಯದ್ದು. "ಈಜಿದ್ರೆ ಸಿಕ್ಕಾಪಟ್ಟೆ ಹಸಿವಾಗುತ್ತೆ, ತಡ್ಕೊಳ್ಳೋಕೆ ಆಗಲ್ಲ."

ವಾಚಿನ ಲೆಕ್ಕ

ಮೊದಲು ಖರ್ಚಿನ ಕಡೆ ನೋಡಿದೆವು. ಮಗ ಕೊಡಿಸಿದ ವಾಚು ಕೈಯಲ್ಲಿತ್ತು. ಕೊಳದಿಂದ ಹೊರಗೆ ಬರುವಾಗ ಅದು 500ರ ಮೇಲೆ ಕ್ಯಾಲೊರಿ ಖರ್ಚಾಯಿತು ಅಂತ ತೋರಿಸುತ್ತಿತ್ತು. ಅದು ಅವರ ಒಂದು ಗಂಟೆಯನ್ನು ಪೂರ್ತಿ ಈಜಿದ ಲೆಕ್ಕಕ್ಕೆ ಹಾಕಿಕೊಂಡಿತ್ತು. ನಿಜಕ್ಕೂ ಆ ಒಂದು ಗಂಟೆಯಲ್ಲಿ ಏನೇನಾಗುತ್ತೆ ಅಂತ ಕೇಳಿದೆ. ಬಟ್ಟೆ ಬದಲಿಸುವುದು, ಶವರ್, ನೀರಿಗಿಳಿಯುವ ಮುಂಚೆ ಮೈ ಸಡಿಲ ಮಾಡುವುದು, ಇದಕ್ಕೆ ಕಾಲು ಗಂಟೆ ಹೋಗುತ್ತದೆ. ಉಳಿದದ್ದರಲ್ಲಿ ಕಂಬಿ ಹಿಡಿದು ಮಾತಾಡುವುದೂ ಇದೆ. "ಅದಿಲ್ದೆ ಇದ್ರೆ ಯಾರು ಹೋಗ್ತಾರೆ ಮೇಡಂ" ಅಂತ ನಕ್ಕರು. ನಾನೂ ಅದನ್ನೇ ಹೇಳುತ್ತೇನೆ, ಆ ಮಾತುಕತೆ ಬೇಕು. ಆದರೆ ಕೈಕಾಲು ಬಡಿದು ಈಜಿದ್ದು 25 ನಿಮಿಷ.

74 ಕೆ.ಜಿ. ತೂಕದವರು ಆರಾಮಾಗಿ 25 ನಿಮಿಷ ಈಜಿ, ಇನ್ನೊಂದು 20 ನಿಮಿಷ ನೀರಲ್ಲಿ ನಿಂತರೆ ಸುಮಾರು 250 ಕ್ಯಾಲೊರಿ. ಸುಮ್ನೆ ಕೂತಿದ್ದರೂ ಖರ್ಚಾಗುತ್ತಿದ್ದದ್ದನ್ನು ಅದರಲ್ಲಿ ಕಳೆಯಬೇಕು. ಉಳಿಯುವುದು 200ರ ಆಸುಪಾಸು. ಅಷ್ಟನ್ನು ಎರಡು ಚಿಕ್ಕ ಹಿಡಿ ಮಿಕ್ಸ್ಚರ್ ವಾಪಸ್ ತುಂಬಿಸುತ್ತದೆ.

ಇದನ್ನು ಕೇಳಿ ಅವರ ಮುಖ ಸಪ್ಪಗಾಯಿತು. ಆಗಲೇಬೇಕು. ಚಳಿಯಲ್ಲಿ ಐದಕ್ಕೆ ಎದ್ದು ಸ್ಕೂಟರ್ ಹತ್ತಿ ಹೋಗಿ ಮಾಡಿದ್ದು ಇಷ್ಟೇನಾ ಅನ್ನಿಸುತ್ತೆ. ಆದರೆ ಈಜಿನ ಲಾಭ ಬೇರೆ ಕಡೆ ಇದೆ. ಮಂಡಿ ಸುತ್ತಲಿನ ಸ್ನಾಯು, ಉಸಿರು, ಸಕ್ಕರೆ, ಮನಸ್ಸು, ಎಲ್ಲಕ್ಕೂ ಅದು ಒಳ್ಳೆಯದು. ತೂಕ ಇಳಿಸುವ ಭಾರವನ್ನೆಲ್ಲ ಅದರ ಮೇಲೆ ಹಾಕಿದರೆ ಮಾತ್ರ ನಿರಾಸೆ ಖಂಡಿತ.

ನಮ್ಮ ದೇಶದಲ್ಲೇ ಇದರ ಬಗ್ಗೆ ಒಂದು ಹಳೇ ಅಧ್ಯಯನ ನಡೆದಿದೆ. ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ ಪೋಷಣಾ ವಿಜ್ಞಾನಿ ಜೀನ್ ಮೇಯರ್ ಮತ್ತು ಸಂಗಡಿಗರು ಗುಮಾಸ್ತರಿಂದ ಹಿಡಿದು ಭಾರ ಹೊರುವವರ ತನಕ ಎಲ್ಲರ ಊಟ, ಕೆಲಸ, ತೂಕ ನೋಡಿದರು. 1956ರಲ್ಲಿ ಅದು ಪ್ರಕಟವಾಯಿತು. ಹಗುರ ಕೆಲಸದವರಿಂದ ಭಾರಿ ಕೆಲಸದವರ ಕಡೆಗೆ ಹೋದ ಹಾಗೆ ಊಟ ಏರುತ್ತಿತ್ತು, ತೂಕ ಮಾತ್ರ ಹೆಚ್ಚುಕಡಿಮೆ ಒಂದೇ. ದುಡಿದಷ್ಟನ್ನು ಹಸಿವು ಕೇಳಿ ಪಡೆಯುತ್ತಿತ್ತು. ಕೂತೇ ಇರುವವರ ಕಥೆ ಬೇರೆ. ಅವರು ಹಗುರ ಕೆಲಸದವರಿಗಿಂತ ಜಾಸ್ತಿ ತಿನ್ನುತ್ತಿದ್ದರು, ತೂಕವೂ ಜಾಸ್ತಿ. ಅಂದರೆ ಕೆಲಸ ಇಲ್ಲ ಅಂತ ಹಸಿವು ತಾನಾಗಿ ತಗ್ಗುವುದಿಲ್ಲ. ಕೆಲಸ ಏರಿಸಿದರೆ ಅದೂ ಏರುತ್ತದೆ. ಟೀಚರ್ ಹಸಿವು ಏರಿದ್ದರಲ್ಲಿ ವಿಚಿತ್ರ ಏನೂ ಇಲ್ಲ. ಆದರೆ 200 ಕ್ಯಾಲೊರಿಯ ಕೆಲಸಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಹಸಿವು ಯಾಕೆ ಬಂತು ಅನ್ನುವುದು ನನ್ನ ಪ್ರಶ್ನೆಯಾಗಿತ್ತು.

ಬರೆದದ್ದು, ಬರೆಯದೇ ಇದ್ದದ್ದು

ತಿಂದದ್ದನ್ನೆಲ್ಲ ಬರೆದಿಡಿ, ಹೊತ್ತನ್ನೂ ಬರೆಯಿರಿ ಅಂದಿದ್ದೆ. ಟೀಚರ್ ಅಲ್ವಾ, ನೋಟ್‌ಬುಕ್ಕಿಗೆ ಸ್ಕೇಲ್ ಇಟ್ಟು ಗೆರೆ ಹಾಕಿ, ಅಚ್ಚುಕಟ್ಟಾಗಿ ಬರೆದು ತಂದಿದ್ದರು. ಬೆಳಿಗ್ಗೆ 5.15ಕ್ಕೆ ಅರ್ಧ ಲೋಟ ಕಾಫಿ. 8.30ಕ್ಕೆ ಎರಡು ದೋಸೆ, ಚಟ್ನಿ. 11ಕ್ಕೆ ಸ್ಟಾಫ್ ರೂಮಲ್ಲಿ ಟೀ. ಮಧ್ಯಾಹ್ನ ಒಂದೂವರೆಗೆ ಎರಡು ಚಪಾತಿ, ಪಲ್ಯ, ಸೌತೆಕಾಯಿ. ಸಂಜೆ ಐದಕ್ಕೆ ಕಾಫಿ, "ಏನಾದರೂ ಸ್ವಲ್ಪ". ರಾತ್ರಿ ಒಂಬತ್ತೂವರೆಗೆ ಅನ್ನ, ಸಾರು, ಮಜ್ಜಿಗೆ.

ಇಷ್ಟೇ ತಿಂದು 2.7 ಕೆ.ಜಿ. ಏರುವುದು ಕಷ್ಟ. ಹಾಗಂತ ಅವರು ಸುಳ್ಳು ಬರೆದಿದ್ದರು ಅಂತಲೂ ಅಲ್ಲ. ಅಡುಗೆ ಮಾಡುವವರ ಪಟ್ಟಿಯಲ್ಲಿ ಬಿಟ್ಟುಹೋಗುವ ಜಾಗ ಯಾವುದು ಅಂತ ಈ ಕೆಲಸದಲ್ಲಿ ಇರುವವರಿಗೆ ಗೊತ್ತಿರುತ್ತದೆ.

"ಮೊದಲನೇ ದೋಸೆ ಕಾವಲಿಗೆ ಅಂಟ್ಕೊಳ್ಳುತ್ತಲ್ಲ, ಅದು ಯಾರ ಪಾಲು?"

"ನಂದೇ."

"ಚಿಕ್ಕ ಮಗ ಅರ್ಧ ಬಿಟ್ಟಿದ್ದು?"

"ಎಸೆಯೋಕಾಗುತ್ತಾ? ಅದೂ ನಂದೇ." ಸ್ವಲ್ಪ ತಡೆದು ಕೇಳಿದರು, "ಅದನ್ನೂ ಬರೀಬೇಕಾ ಮೇಡಂ? ಅದು ತಿಂದ ಹಾಗಾ?"

ಏಳೂಕಾಲಕ್ಕೆ ಒದ್ದೆ ತಲೆಯಲ್ಲಿ ಮನೆಗೆ ಬಂದವರು ಸೀದಾ ಒಲೆ ಮುಂದೆ ನಿಲ್ಲುತ್ತಿದ್ದರು. ಮೂರು ಡಬ್ಬಿ ಕಟ್ಟಬೇಕು, ಅತ್ತೆಗೆ ಬಿಸಿ ತಿಂಡಿ ಕೊಡಬೇಕು. ಹೊಟ್ಟೆ ಕಾಯುತ್ತಿರುತ್ತದೆ, ಕೈ ಪುರಸೊತ್ತಿಲ್ಲ. ಹರಿದ ದೋಸೆ ಕಾವಲಿಯಿಂದ ನೇರ ಬಾಯಿಗೆ ಹೋಗುತ್ತಿತ್ತು. ಚಟ್ನಿ ಉಪ್ಪು ನೋಡಲು ಒಂದು ಚಮಚ, ಆಮೇಲೆ ಸುಮ್ನೆ ಇನ್ನೊಂದು. ಡಬ್ಬಿಗೆ ತುಂಬುವಾಗ ಉಳಿದ ಪಲ್ಯ. ಲೆಕ್ಕ ಹಾಕಿದರೆ 250 ಕ್ಯಾಲೊರಿ ಹತ್ತಿರ ಬಂತು. ಈಜಿನ ಖರ್ಚು ಅಲ್ಲೇ ತೀರಿತು. ಅದಕ್ಕಿಂತ ಬೇಜಾರಿನ ವಿಷಯ ಅಂದರೆ, ಇಷ್ಟು ತಿಂದರೂ ತಿಂಡಿ ತಿಂದೆ ಅನ್ನುವ ಸಮಾಧಾನ ಅವರಿಗೆ ಸಿಗುತ್ತಿರಲಿಲ್ಲ. ಎಂಟೂವರೆಗೆ ತಟ್ಟೆ ಇಟ್ಟುಕೊಂಡು ಮತ್ತೆ ಎರಡು ದೋಸೆ.

ಸಂಜೆಯ "ಏನಾದರೂ ಸ್ವಲ್ಪ" ಬಿಡಿಸಿ ಬರೆಯಲು ಹೇಳಿದೆ. ಮುಂದಿನ ವಾರ ನೋಟ್‌ಬುಕ್ಕಲ್ಲಿ ಬಂದದ್ದು ಹೀಗೆ: ಮಿಕ್ಸ್ಚರ್ ಒಂದು ಬಟ್ಟಲು, ಅತ್ತೆ ಕರಿದ ಕೋಡುಬಳೆ ಮೂರು, ಎರಡು ಚಮಚ ಸಕ್ಕರೆಯ ಕಾಫಿ, ಮಧ್ಯಾಹ್ನದ ಅನ್ನ ಸಾರು ಉಳಿದಿದ್ದರೆ ಒಂದು ಸೌಟು. ಸುಮಾರು 700 ಕ್ಯಾಲೊರಿ, ಅದೂ ಬಟ್ಟೆ ಬದಲಿಸುವ ಮುಂಚೆಯೇ. ಇದು ದಿನದ ಅತಿ ದೊಡ್ಡ ಊಟ. ಆದರೆ ಅದನ್ನು ಊಟ ಅಂತ ಮನೆಯಲ್ಲಿ ಯಾರೂ ಕರೆಯುವುದಿಲ್ಲ.

ನೋಟ್‌ಬುಕ್ಕಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸೋಮವಾರಗಳ ಸಂಜೆ ಇದರ ಅರ್ಧವೂ ಇರಲಿಲ್ಲ. ಕೊಳಕ್ಕೆ ರಜೆ ಇರುವ ದಿನ. "ನೋಡಿದ್ರಾ, ನಾನು ಹೇಳ್ಲಿಲ್ವಾ, ಈಜಿನಿಂದಲೇ" ಅಂದರು. ಕಾಗದದ ಮೇಲೆ ಹಾಗೇ ಕಾಣುತ್ತಿತ್ತು. ಆದರೆ ಸೋಮವಾರ ಅವರು ಆರೂಕಾಲಕ್ಕೆ ಏಳುತ್ತಿದ್ದರು. ಬೇರೆ ದಿನ ಐದಕ್ಕೆ. ರಾತ್ರಿ ಮಲಗುವುದು ಎಲ್ಲ ದಿನವೂ ಹನ್ನೊಂದೂಮುಕ್ಕಾಲರ ಮೇಲೆ, ನೋಟ್ಸ್ ತಿದ್ದಿ, ಮೊಸರಿಗೆ ಹೆಪ್ಪು ಹಾಕಿ. ಅಂದರೆ ಈಜುವ ದಿನಗಳ ನಿದ್ದೆ ಐದೂಕಾಲು ಗಂಟೆ. ನವೆಂಬರ್‌ಗೆ ಮುಂಚೆ ಆರೂವರೆ ಇತ್ತು. ಕೊಳಕ್ಕೆ ಬೇಕಾದ ಹೊತ್ತನ್ನು ಅವರು ನಿದ್ದೆಯಿಂದ ಕಿತ್ತುಕೊಂಡಿದ್ದರು.

ಹಾಗಾಗಿ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಒಂದೆರಡು ದಿನ ಕೊಳಕ್ಕೆ ಹೋಗಬೇಡಿ, ಆದರೆ ಐದಕ್ಕೇ ಏಳಿ, ರಾತ್ರಿ ಎಂದಿನ ಹೊತ್ತಿಗೇ ಮಲಗಿ ಅಂದೆ. ಇನ್ನೊಂದೆರಡು ದಿನ ಹತ್ತಕ್ಕೆ ಮಲಗಿ, ಐದಕ್ಕೆದ್ದು ಈಜಿ ಬನ್ನಿ ಅಂದೆ. ಈಜದೆ ನಿದ್ದೆಗೆಟ್ಟ ದಿನಗಳಲ್ಲಿ ಸಂಜೆಯ ಹಸಿವು ಹೆಚ್ಚುಕಡಿಮೆ ಅಷ್ಟೇ ಜೋರಾಗಿ ಬಂತು. ನಿದ್ದೆ ಮಾಡಿ ಈಜಿದ ದಿನಗಳಲ್ಲಿ ತಗ್ಗಿತ್ತು. ಒಬ್ಬರ ನಾಲ್ಕಾರು ದಿನದಿಂದ ವಿಜ್ಞಾನ ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಷಿಕಾಗೋ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ದಿಕ್ಕಿನ ಫಲ ಬಂದಿತ್ತು. ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ ಯುವಕರಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಏರಿತ್ತು, ಹೊಟ್ಟೆ ತುಂಬಿದೆ ಅನ್ನುವ ಲೆಪ್ಟಿನ್ ಹಾರ್ಮೋನ್ ಇಳಿದಿತ್ತು. ಸಿಹಿ, ಉಪ್ಪಿನ ಕುರುಕು ತಿಂಡಿ ಕಡೆ ಆಸೆ ಜಾಸ್ತಿಯಾಗಿತ್ತು.

ಇನ್ನೊಂದು ಕಾರಣ ಮಧ್ಯಾಹ್ನದ ಡಬ್ಬಿಯಲ್ಲಿತ್ತು. ಈಜಿಗೆ ಸೇರಿದ ಉತ್ಸಾಹದಲ್ಲಿ ಅವರು ಡಬ್ಬಿಯನ್ನೂ ಚಿಕ್ಕದು ಮಾಡಿದ್ದರು. ಮುಂಚೆ ಎರಡು ಚಪಾತಿ ಜೊತೆ ಮೊಸರನ್ನ ಇರುತ್ತಿತ್ತು. ಈಗ ಅನ್ನ ತೆಗೆದು ಸೌತೆಕಾಯಿ ಇಟ್ಟಿದ್ದರು. ಒಂದೂವರೆಗೆ ಅಷ್ಟು ತಿಂದು, ಎರಡು ಪೀರಿಯಡ್ ಪಾಠ ಮಾಡಿ, ಬಿಸಿಲಲ್ಲಿ ಮನೆಗೆ ಬಂದವರ ಮುಂದೆ ಕೋಡುಬಳೆ ಡಬ್ಬ ಇದ್ದರೆ ಯಾರೇ ಆದರೂ ಏನು ಮಾಡುತ್ತಾರೆ?

ಈ ಪ್ರಕರಣದಿಂದ ನಾನು ಹೇಳಬೇಕು ಅಂದುಕೊಂಡದ್ದು ಇದೇ. ಹಸಿವು ಹೆಚ್ಚಿದ್ದಕ್ಕೆ ಈಜು ಕಾರಣ ಅಂತ ಅವರು ಅಂದುಕೊಂಡಿದ್ದರು. ಹೆಚ್ಚಿನ ಪಾಲು ಈಜಿಗೆ ಜಾಗ ಮಾಡಲು ಅವರು ಕಳೆದುಕೊಂಡದ್ದರಿಂದ ಬಂದದ್ದು. ನಿದ್ದೆ ಹೋಯಿತು, ಕೂತು ತಿನ್ನುವ ತಿಂಡಿ ಹೋಯಿತು, ಹೊಟ್ಟೆ ತುಂಬುವ ಮಧ್ಯಾಹ್ನದ ಊಟ ಹೋಯಿತು.

ತಣ್ಣೀರಿನ ಪಾಲು

ಈಜಿನ ಪಾಲು ಏನೂ ಇಲ್ಲ ಅಂತಲ್ಲ. ಜೋರಾಗಿ ಓಡಿದ ಕೂಡಲೇ ಅನೇಕರಿಗೆ ಊಟ ಬೇಡ ಅನ್ನಿಸುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ಗ್ರೆಲಿನ್ ತಗ್ಗಿರುತ್ತದೆ. ಈಜು ಮುಗಿಸಿದವರು ಮಾತ್ರ ಬೇಗ ತಿಂಡಿ ಕೇಳುತ್ತಾರೆ. ಇದಕ್ಕೆ ನೀರಿನ ತಂಪೂ ಒಂದು ಕಾರಣ. ಫ್ಲೋರಿಡಾ ವಿಶ್ವವಿದ್ಯಾಲಯದವರು ನೀರೊಳಗೆ ಸೈಕಲ್ ಇಟ್ಟು ಪರೀಕ್ಷೆ ಮಾಡಿ 2005ರಲ್ಲಿ ಬರೆದಿದ್ದಾರೆ. ಒಂದು ಸಲ 20 ಡಿಗ್ರಿ ನೀರು, ಇನ್ನೊಂದು ಸಲ 33 ಡಿಗ್ರಿ. ತುಳಿದದ್ದಕ್ಕೆ ಖರ್ಚಾದ ಕ್ಯಾಲೊರಿ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಆಮೇಲೆ ಊಟಕ್ಕೆ ಬಿಟ್ಟರೆ ತಣ್ಣೀರಿನ ದಿನ ಶೇ 40ಕ್ಕಿಂತ ಜಾಸ್ತಿ ತಿಂದರು.

ಡಿಸೆಂಬರ್ ಜನವರಿಯಲ್ಲಿ ಮೈಸೂರಿನ ಬಯಲು ಕೊಳ ಬೆಳಿಗ್ಗೆ ಆರಕ್ಕೆ ಹೇಗಿರುತ್ತೆ ಅಂತ ಇಳಿದವರನ್ನೇ ಕೇಳಬೇಕು. ಟೀಚರ್ ತುಟಿ ನೀಲಿ ಮಾಡಿಕೊಂಡು, ಒದ್ದೆ ಕೂದಲಲ್ಲೇ ಸ್ಕೂಟರ್ ಓಡಿಸಿಕೊಂಡು ಬರುತ್ತಿದ್ದರು. ಅದಕ್ಕೆ ನಾನು ಹೇಳಿದ ಮೊದಲ ಬದಲಾವಣೆ ಊಟದ್ದೇ ಅಲ್ಲ. ಉಣ್ಣೆ ಟೋಪಿ, ಸ್ವೆಟರ್, ದಪ್ಪ ಟವೆಲ್ ತಗೊಂಡು ಹೋಗಿ ಅಂದೆ. ಕೂದಲು ಒರೆಸದೆ ಗಾಡಿ ಹತ್ತಬೇಡಿ. ಫ್ಲಾಸ್ಕಿನಲ್ಲಿ ಹಾಲು ಹಾಕಿದ ಬಿಸಿ ರಾಗಿ ಗಂಜಿ, ಚೂರು ಬೆಲ್ಲ, ಒಂದು ಲೋಟ. ಅದನ್ನು ಕೊಳದ ಕಟ್ಟೆ ಮೇಲೆ ಕೂತೇ ಕುಡಿಯಿರಿ. ಅದರಲ್ಲಿ 150 ಕ್ಯಾಲೊರಿ ಇದೆ, ಪರವಾಗಿಲ್ಲ. ಮೈ ಬೆಚ್ಚಗಾದ ಮೇಲೆ ಉಳಿಯುವುದು ನಿಜವಾದ ಹಸಿವು, ಅದರ ಮಾತು ಕೇಳೋಣ.

ಮೊದಲನೇ ವಾರಕ್ಕೇ ಕಾವಲಿ ಮುಂದಿನ ತಿನ್ನುವಿಕೆ ಅರ್ಧ ತಗ್ಗಿತು. ಬ್ಯಾಚಿನ ಇನ್ನಿಬ್ಬರೂ ಫ್ಲಾಸ್ಕ್ ತರಲು ಶುರು ಮಾಡಿದರಂತೆ.

ನೀರಡಿಕೆ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈಜುವಾಗಲೂ ಬೆವರುತ್ತೇವೆ, ಕಾಣುವುದಿಲ್ಲ ಅಷ್ಟೇ. ಹೊರಡುವ ಮುಂಚೆ ಒಂದು ಲೋಟ, ಬಂದ ಮೇಲೆ ಒಂದು ಲೋಟ ನೀರು ಕುಡಿಯಿರಿ ಅಂದೆ. ಕುಡಿದರು. ಹಸಿವಿನಲ್ಲಿ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ನೀರು ಕುಡಿದು ಹಸಿವು ಮುಚ್ಚಿ ಅನ್ನುವ ಸಲಹೆ ಮೇಲೆ ನನಗೆ ಮೊದಲಿಂದಲೂ ದೊಡ್ಡ ನಂಬಿಕೆ ಇಲ್ಲ.

ತಿಂಡಿ ಮೊದಲು ಯಾರಿಗೆ

ಬೆಳಿಗ್ಗೆ ಏಳೂಮುಕ್ಕಾಲಕ್ಕೆ ತಟ್ಟೆ ಹಾಕಿಕೊಂಡು ಕೂತು ತಿಂಡಿ ತಿನ್ನಿ, ಆಮೇಲೆ ಬೇರೆಯವರಿಗೆ ದೋಸೆ ಹುಯ್ಯಿರಿ. ಕಾಗದದ ಮೇಲೆ ಇದು ಒಂದು ಸಾಲು. ಮನೆಯಲ್ಲಿ ಇದೇ ಎಲ್ಲಕ್ಕಿಂತ ಕಷ್ಟ ಆದದ್ದು.

"ಅತ್ತೆ ಏನೂ ಅನ್ನಲ್ಲ. ಆದ್ರೆ ನನಗೇ ಒಂಥರಾ ಆಗುತ್ತೆ. ಎಲ್ಲರಿಗೂ ಬಡಿಸಿ ಆಮೇಲೆ ತಿನ್ನೋದಲ್ವಾ ನಾವು?" ಅಂದರು.

ಇದಕ್ಕೆ ನನ್ನ ಹತ್ತಿರ ಕ್ಯಾಲೊರಿ ಪಟ್ಟಿ ಇರಲಿಲ್ಲ. ದಾರಿ ಅವರೇ ಕಂಡುಕೊಂಡರು. ಮನೆಯಲ್ಲಿ ಹೋಗಿ, ಮಂಡಿ ಸರಿ ಹೋಗಬೇಕಾದರೆ ಈಜಿ ಬಂದ ಅರ್ಧ ಗಂಟೆಯೊಳಗೆ ತಿಂಡಿ ತಿನ್ನಲೇಬೇಕಂತೆ, ಡಾಕ್ಟರ್ ಹೇಳಿದಾರೆ ಅಂದರು. ಡಾಕ್ಟರು ಹಾಗೆ ಹೇಳಿರಲಿಲ್ಲ, ಹೇಳಿದ್ದು ನಾನು. ಆದರೆ ಡಾಕ್ಟರ್ ಮಾತಿಗೆ ಮನೆಯಲ್ಲಿ ಇರುವ ಬೆಲೆಯೇ ಬೇರೆ. ಮಾರನೇ ದಿನ ಅತ್ತೆಯೇ ಕಾವಲಿ ಹಿಡಿದು, "ನೀನು ಕೂತ್ಕೋ, ನಾನು ಹುಯ್ದು ಕೊಡ್ತೀನಿ" ಅಂದರಂತೆ. ಡಬ್ಬಿ ಕಟ್ಟುವ ಕೆಲಸ ಯಜಮಾನರ ಪಾಲಿಗೆ ಬಂತು. ಅದಕ್ಕೆ ಒಂದೆರಡು ವಾರ ಗೊಣಗಾಟ ನಡೆಯಿತು.

ತಟ್ಟೆಯಲ್ಲಿ ಏನಿರಬೇಕು ಅನ್ನುವುದು ಸುಲಭ ಇತ್ತು. ಮನೆಯಲ್ಲಿ ಮೊಟ್ಟೆ ಇಲ್ಲ. ಅವರ ದಿನದ ಪ್ರೊಟೀನ್ 40 ಗ್ರಾಂ ಹತ್ತಿರ ಇತ್ತು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ದೊಡ್ಡವರಿಗೆ ಹೇಳುವುದು ಕೆ.ಜಿ.ಗೆ 0.83 ಗ್ರಾಂ, ಅಂದರೆ ಇವರಿಗೆ 60ರ ಸುತ್ತ. ಅಕ್ಕಿ, ಉದ್ದಿನ ದೋಸೆ ಬದಲು ವಾರಕ್ಕೆ ಮೂರು ದಿನ ಹೆಸರುಕಾಳು ದೋಸೆ. ಉಳಿದ ದಿನ ಏನೇ ತಿಂಡಿ ಇದ್ದರೂ ಜೊತೆಗೆ ಒಂದು ಬಟ್ಟಲು ಉಸಲಿ ಅಥವಾ ಕೋಸಂಬರಿ, ಗಟ್ಟಿ ಮೊಸರು. ಕಾಳು, ಮೊಸರು ಹೊಟ್ಟೆಯಲ್ಲಿ ನಿಲ್ಲುತ್ತವೆ. ಬರೀ ಉಪ್ಪಿಟ್ಟಿನ ದಿನ ಹತ್ತೂವರೆಗೆ ಹಸಿದರೆ, ಉಸಲಿ ಜೊತೆ ತಿಂದ ದಿನ ಹನ್ನೊಂದರ ಟೀ ಜೊತೆ ಬಿಸ್ಕತ್ ನೆನಪಾಗಲಿಲ್ಲ ಅಂತ ಅವರೇ ಬರೆದರು. ಫೆಬ್ರವರಿಯಲ್ಲಿ ಅವರೆಕಾಯಿ ಇನ್ನೂ ಸಿಗುತ್ತಿತ್ತು, ಅದೂ ಅನುಕೂಲವಾಯಿತು.

ಕೊಳಕ್ಕೆ ಹೊರಡುವ ಮುಂಚೆ ಕಾಫಿ ಜೊತೆ ಒಂದು ಏಲಕ್ಕಿ ಬಾಳೆಹಣ್ಣು. ರಸಬಾಳೆ ಆಗುತ್ತಾ ಅಂತ ಕೇಳಿದರು. ನಂಜನಗೂಡು ರಸಬಾಳೆ ಸಿಕ್ಕರೆ ನನಗೂ ತಿಳಿಸಿ ಅಂದೆ.

ಮಧ್ಯಾಹ್ನದ ಡಬ್ಬಿಯನ್ನು ಮತ್ತೆ ದೊಡ್ಡದು ಮಾಡಿದೆವು. ಇದಕ್ಕೆ ಅವರು ಸುಲಭಕ್ಕೆ ಒಪ್ಪಲಿಲ್ಲ. ತೂಕ ಇಳಿಸಲು ಬಂದವರಿಗೆ ಜಾಸ್ತಿ ತಿನ್ನಿ ಅಂದರೆ ಯಾರಿಗೇ ಆದರೂ ಅನುಮಾನ ಬರುತ್ತದೆ. ಎರಡು ಚಪಾತಿ, ಕಾಳಿನ ಪಲ್ಯ, ಒಂದು ಚಿಕ್ಕ ಡಬ್ಬಿ ಮೊಸರನ್ನ. ಹೆಚ್ಚಾದದ್ದು 200 ಕ್ಯಾಲೊರಿ. ಸಂಜೆ ಅದರ ಎರಡರಷ್ಟು ಉಳಿದರೆ ಲಾಭವೇ ಅಲ್ವಾ ಅಂತ ಲೆಕ್ಕ ತೋರಿಸಿದೆ.

ಸಂಜೆಗೆ ಒಂದೇ ನಿಯಮ. ಮನೆಗೆ ಬಂದು ತಿನ್ನುವುದಲ್ಲ, ಶಾಲೆ ಬಿಡುವ ಮುಂಚೆ ತಿನ್ನಿ. ಒಂದು ಹಿಡಿ ಹುರಿಗಡಲೆ, ಒಂದು ಸೀಬೆಹಣ್ಣು. 30 ಗ್ರಾಂ ಹುರಿಗಡಲೆಯಲ್ಲಿ 110 ಕ್ಯಾಲೊರಿ, 6 ಗ್ರಾಂ ಪ್ರೊಟೀನ್. ಅದೇ ತೂಕದ ಮಿಕ್ಸ್ಚರಿನಲ್ಲಿ 160. ಕ್ಯಾಲೊರಿ ವ್ಯತ್ಯಾಸ ಅಂಥ ದೊಡ್ಡದಲ್ಲ. ದೊಡ್ಡ ವ್ಯತ್ಯಾಸ ಏನು ಅಂದರೆ, ಹುರಿಗಡಲೆ ಪೊಟ್ಟಣ ಖಾಲಿಯಾಗುತ್ತದೆ, ಮನೆಯ ಡಬ್ಬ ಖಾಲಿಯಾಗುವುದಿಲ್ಲ. ಮನೆಗೆ ಬಂದ ಮೇಲೆ ಕಾಫಿಗೆ ಅಡ್ಡಿ ಇಲ್ಲ, ಸಕ್ಕರೆ ಒಂದು ಚಮಚ. ಕೋಡುಬಳೆ ಬೇಕೇ ಬೇಕಾದರೆ ಒಂದು, ತಟ್ಟೆಗೆ ಹಾಕಿಕೊಂಡು. ಡಬ್ಬಕ್ಕೆ ಕೈ ಹಾಕುವ ಹಾಗಿಲ್ಲ.

ರಾತ್ರಿ ಊಟ ಎಂಟೂಕಾಲಕ್ಕೆ, ಮಲಗುವುದು ಹತ್ತೂಕಾಲಕ್ಕೆ. ನೋಟ್ಸ್ ತಿದ್ದುವುದನ್ನು ಶಾಲೆಯಲ್ಲೇ ಮುಗಿಸಲು ನೋಡಿ ಅಂದೆ. ಇದು ಆಗಲ್ಲ ಅಂತ ಖಡಾಖಂಡಿತ ಹೇಳಿದರು. ಆಗ ಇನ್ನೊಂದು ತುದಿಯಿಂದ ಹಿಡಿದೆವು. ಈಜು ವಾರಕ್ಕೆ ಆರರಿಂದ ನಾಲ್ಕು ದಿನಕ್ಕೆ ಇಳಿಯಿತು. ಉಳಿದ ದಿನ ಆರರ ತನಕ ನಿದ್ದೆ, ಮಂಡಿಗೆ ಫಿಸಿಯೋ ಹೇಳಿಕೊಟ್ಟ ಹತ್ತು ನಿಮಿಷದ ಕಸರತ್ತು. ನಾಲ್ಕು ದಿನ ಮುಕ್ಕಾಲು ಗಂಟೆ ಅಂದರೂ, ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠಕ್ಕೆ ಹೆಚ್ಚುಕಡಿಮೆ ಬಂದ ಹಾಗೇ, ಕಂಬಿ ಹಿಡಿಯುವುದು ಸ್ವಲ್ಪ ಕಡಿಮೆ ಮಾಡಿದರೆ.

ನಡುವೆ ಎಡವಿದ್ದು

ಮಾರ್ಚ್ ಮೊದಲ ವಾರದಲ್ಲಿ ಬ್ಯಾಚಿನ ಗೆಳತಿಯೊಬ್ಬರು, ಹನ್ನೊಂದರ ತನಕ ಏನೂ ತಿನ್ನಬೇಡ, ನಾನು ಹಾಗೇ ಐದು ಕೆ.ಜಿ. ಇಳಿಸಿದೆ ಅಂದರಂತೆ. ಟೀಚರ್ ನನಗೆ ಹೇಳದೆ ಅದನ್ನು ಹಿಡಿದರು. ಗೆಳತಿಗೆ ಅದು ಒಗ್ಗಿರಬಹುದು, ಅವರು ಮನೆಯಲ್ಲೇ ಇರುವವರು, ಎಂಟು ಗಂಟೆ ಮಲಗುವವರು. ಇವರಿಗೆ ಎರಡನೇ ಪೀರಿಯಡ್‌ಗೇ ತಲೆನೋವು. ಸಂಜೆ ಹಳೇ ಮಿಕ್ಸ್ಚರ್ ಬಟ್ಟಲು ವಾಪಸ್ ಬಂತು. ವಾರದಲ್ಲಿ ತಾವೇ ಬಿಟ್ಟರು.

ಪ್ರೊಟೀನ್ ಬಾರ್ ಒಂದು ಡಬ್ಬಿ ತರಿಸಿದ್ದರು. ಕವರ್ ಹಿಂದೆ ಓದಿದರೆ ಸಕ್ಕರೆ ಪಾಕ ಎರಡನೇ ಹೆಸರಾಗಿತ್ತು. ಮಕ್ಕಳು ಮುಗಿಸಿದರು.

ಶಿವರಾತ್ರಿ ಉಪವಾಸದ ದಿನ ಈಜು ಬೇಡ ಅಂದೆ, ಜಾಗರಣೆಯ ಮಾರನೇ ದಿನವೂ ಬೇಡ. ಯುಗಾದಿಗೆ ಎಷ್ಟು ಹೋಳಿಗೆ ತಿನ್ನಬಹುದು ಅಂತ ಕೇಳಿದರು. ಎರಡು ತಿನ್ನಿ, ತುಪ್ಪ ಹಾಕಿಕೊಂಡೇ ತಿನ್ನಿ, ಆದರೆ ಊಟದ ಜೊತೆ ಎಲೆಯಲ್ಲಿ ತಿನ್ನಿ ಅಂದೆ. ಹಬ್ಬದ ತೂಕ ಹೆಚ್ಚಾಗಿ ಬರುವುದು ಹಬ್ಬದ ದಿನದ ಊಟದಿಂದ ಅಲ್ಲ. ಆಮೇಲೆ ಮೂರು ದಿನ ಅಡುಗೆಮನೆಗೆ ಹೋದಾಗಲೆಲ್ಲ ಮುರಿದು ಬಾಯಿಗೆ ಹಾಕುವ ಚೂರುಗಳಿಂದ.

ಎಸ್ಸೆಸ್ಸೆಲ್ಸಿ ಪರೀಕ್ಷೆ, ಆಮೇಲೆ ಮೌಲ್ಯಮಾಪನದ ಡ್ಯೂಟಿ. ಆ ಹೊತ್ತಲ್ಲಿ ಈಜು ವಾರಕ್ಕೆ ಎರಡೇ ದಿನ ಆಯಿತು, ನೋಟ್‌ಬುಕ್ಕಿನಲ್ಲಿ ಪುಟಗಳು ಖಾಲಿ. ತೂಕ ಅಲ್ಲಾಡಲಿಲ್ಲ. ಏರಲಿಲ್ಲ ಅನ್ನುವುದೇ ನನಗೆ ಮುಖ್ಯವಾಗಿ ಕಂಡಿತು. ತಿಂಡಿ, ಡಬ್ಬಿ ಎರಡೂ ತಪ್ಪಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಟೀಚರ್ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲ. ಹಾಗೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ಆಮೇಲೆ ಹಸಿವಿನ ಜೊತೆ ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ ಬಂದರೆ ಅದು ತಡೆದುಕೊಳ್ಳುವ ಹಸಿವಲ್ಲ. ಸಕ್ಕರೆ ಇಳಿದಿರಬಹುದು. ತಕ್ಷಣ ಮೂರು ಚಮಚ ಸಕ್ಕರೆಯೋ ಗ್ಲೂಕೋಸೋ ನೀರಿಗೆ ಹಾಕಿ ಕುಡಿಯಬೇಕು. ಕಾಲು ಗಂಟೆ ಬಿಟ್ಟು ಸಕ್ಕರೆ ನೋಡಿಕೊಳ್ಳಬೇಕು. ಮಾತ್ರೆಯ ಪ್ರಮಾಣದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು. ಇನ್ನು ಕೆಲವರು ತಿಂದದ್ದಕ್ಕೆ ಶಿಕ್ಷೆ ಅಂತ ವ್ಯಾಯಾಮ ಮಾಡುತ್ತಾರೆ, ಒಂದು ದಿನ ತಪ್ಪಿದರೆ ಊಟ ಬಿಡುತ್ತಾರೆ. ಅಂಥವರಿಗೆ ಕ್ಯಾಲೊರಿ ಲೆಕ್ಕದ ನೋಟ್‌ಬುಕ್ ಕೊಡುವುದೇ ತಪ್ಪು. ಅವರಿಗೆ ಬೇಕಾದದ್ದು ಮಾನಸಿಕ ಆರೋಗ್ಯದ ಡಾಕ್ಟರ ಸಹಾಯ.

ಮೇ ತಿಂಗಳ ಕೊನೆಗೆ

ಬೇಸಿಗೆ ರಜೆಯಲ್ಲಿ ಕೊಳ ತುಂಬ ಮಕ್ಕಳ ಕ್ಯಾಂಪು. ಲೇಡೀಸ್ ಬ್ಯಾಚನ್ನು ಏಳರಿಂದ ಎಂಟಕ್ಕೆ ತಳ್ಳಿದರು. ಎಲ್ಲರೂ ಗೊಣಗಿದರೆ ಟೀಚರ್‌ಗೆ ಅದು ವರವಾಯಿತು, ಒಂದು ಗಂಟೆ ಜಾಸ್ತಿ ನಿದ್ದೆ. ನೀರೂ ಬೆಚ್ಚಗಿತ್ತು. ಮೇ ಕೊನೆಗೆ ತೂಕ 71.3 ಕೆ.ಜಿ., ಸೊಂಟ 87 ಸೆಂ.ಮೀ. ಎಚ್‌ಬಿಎ1ಸಿ 5.6. ವಾಚನ್ನು ಮಗನಿಗೇ ವಾಪಸ್ ಕೊಟ್ಟಿದ್ದರು.

ನಾಲ್ಕು ತಿಂಗಳಿಗೆ ಮೂರು ಕೆ.ಜಿ. ಹತ್ತಿರ. ಯೂಟ್ಯೂಬ್ ನೋಡುವವರಿಗೆ ಇದು ಏನೂ ಅಲ್ಲ. ನನಗೆ ಅದಕ್ಕಿಂತ ಸೊಂಟದ ಐದು ಸೆಂ.ಮೀ. ಮುಖ್ಯ. ಎಲ್ಲ ಬದಲಾವಣೆಯಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಬರುವುದಿಲ್ಲ, ಎಲ್ಲ ಒಟ್ಟೊಟ್ಟಿಗೆ ನಡೆದವು. ಒಂದನ್ನೇ ಆರಿಸಿ ಅಂದರೆ ಮಧ್ಯಾಹ್ನದ ಡಬ್ಬಿ ಅನ್ನುತ್ತೇನೆ. ಟೀಚರನ್ನು ಕೇಳಿದರೆ ಫ್ಲಾಸ್ಕ್ ಅನ್ನುತ್ತಾರೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು, ಬ್ಯಾಚು ಮತ್ತೆ ಆರು ಗಂಟೆಗೆ ಬಂತು, ಮಳೆಗೆ ವಾರಕ್ಕೆ ಒಂದೆರಡು ದಿನ ತಪ್ಪುತ್ತಿದೆ. ಕಳೆದ ಸಲ ಬಂದಾಗ ತೂಕ 71.9. ನಿದ್ದೆ ಮತ್ತೆ ಆರು ಗಂಟೆಗಿಂತ ಕೆಳಗೆ ಬಂದಿದೆ, ರಾತ್ರಿ ಊಟ ಒಂಬತ್ತರ ಮೇಲೆ ಹೋಗುತ್ತಿದೆ. ಈಜನ್ನು ಸಂಜೆ ಬ್ಯಾಚಿಗೆ ಬದಲಿಸಿ ನೋಡೋಣ ಅಂದಿದ್ದೇನೆ. ಸಂಜೆ ಲೇಡೀಸ್ ಬ್ಯಾಚು ಇದೆಯಾ ಅಂತ ಅವರು ವಿಚಾರಿಸಬೇಕು. ಕಾಲು ಸೆಳೆತ ಅಂತಲೂ ಹೇಳಿದರು. ಹಾಗಾಗಿ ಮುಂದಿನ ಸಲ ಬರುವಾಗ ಬಿ12, ವಿಟಮಿನ್ ಡಿ ರಿಪೋರ್ಟ್ ತರಲು ಹೇಳಿದ್ದೇನೆ.